ಸಿರಿಂಜಿನಲ್ಲಿ ಕಡಲ್ಗುದುರೆಯ ಊಟ ನೋಡಿ

ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳು ಹಟ ಹಿಡಿದಳು: 'ಚಿಕ್ಕಪ್ಪ, ಶಿವಮೊಗ್ಗದಿಂದ ಒಂದು ಕಡಲ್ಗುದುರೆ ತಂದ್ಕೊಡು.' ತರುವ ಹಾಗಿಲ್ಲ. ಕಡಲ್ಗುದುರೆ ಎಂಬ ಮೀನು, ಅದರ ಬಳಗದ ಪೈಪ್‌ಫಿಶ್ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹಿಡಿಯುವುದೂ ಮಾರುವುದೂ ಅಪರಾಧ. ಒಣಗಿಸಿದ ಮೀನಿಗೂ ಅದೇ ಕಾನೂನು. ಆದರೆ ಅದು ಉಣ್ಣುವ ಚಂದವನ್ನು ಅಡುಗೆಮನೆಯಲ್ಲೇ ಮಕ್ಕಳಿಗೆ ತೋರಿಸಬಹುದು.

ಬೇಕಾದದ್ದು ಸೂಜಿಯಿಲ್ಲದ 10 ಮಿ.ಲೀ.ನ ಹೊಸ ಸಿರಿಂಜು, ಬಿಳಿ ಬೋಗುಣಿ, ಚಹಾ ಸೋಸಿ ಉಳಿದ ಚರಟ.

ಬೋಗುಣಿಯಲ್ಲಿ ಎರಡು ಇಂಚು ನೀರು ಹಾಕಿ, ಚಿಟಿಕೆ ಚರಟ ಉದುರಿಸಿ. ಅದು ತಳಕ್ಕಿಳಿದು ನೀರು ನಿಶ್ಚಲವಾಗುವವರೆಗೆ ಕಾಯಿರಿ. ಸಿರಿಂಜಿನ ಮೂತಿಯನ್ನು ನೀರಲ್ಲಿ ಮುಳುಗಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳಿ. ಗಾಳಿ ಉಳಿದರೆ ಎಳೆತಕ್ಕೆ ಜೋರಿರುವುದಿಲ್ಲ.

ಈಗ ಒಂದು ಕಣದಿಂದ ಇಂಚು ದೂರದಲ್ಲಿ ಮೂತಿ ಹಿಡಿದು ಹಿಡಿಕೆಯನ್ನು ಫಕ್ಕನೆ ಎಳೆಯಿರಿ. ಕಣ ಅಲ್ಲಾಡಿದರೆ ಹೆಚ್ಚು. ಕೊಳವೆ ಎಷ್ಟೇ ಎಳೆದರೂ ಅದರ ಸೆಳೆತ ಬಾಯಿಯ ಬುಡದಲ್ಲೇ ಮುಗಿಯುತ್ತದೆ. ಸಿರಿಂಜಿನ ನೀರನ್ನು ಖಾಲಿ ಮಾಡಿ, ಕಣಕ್ಕೆ ಮೂತಿ ತಾಗಿತೋ ಎನ್ನುವಷ್ಟು ಹತ್ತಿರ ತಂದು ಎಳೆಯಿರಿ. ಕಣ ಸುಯ್ಯನೆ ಒಳಗೆ!

ಹತ್ತಿರ ಹೋಗುವುದೇ ಕಷ್ಟ. ನಮ್ಮ ಹುಡುಗಿ ಆತುರದಿಂದ ಮೂತಿ ನುಗ್ಗಿಸಿದಳು. ಅಲೆಗೆ ಕಣ ಪಕ್ಕಕ್ಕೆ ಸರಿಯಿತು. ಮೂರನೇ ಸಲ ಉಸಿರು ಬಿಗಿಹಿಡಿದು ನಿಧಾನ ಇಳಿಸಿದಳು, ಸಿಕ್ಕಿತು. ಕಡಲ್ಗುದುರೆಯ ಬೇಟೆಯೂ ಹೀಗೇ. ಅದು ತಿನ್ನುವ ಕೋಪೆಪಾಡ್ ಎಂಬ ಸಿಗಡಿ ಬಳಗದ ಪುಟ್ಟ ಜೀವಿ ನೀರಿನ ಸಣ್ಣ ಅಲುಗಾಟ ತಿಳಿದರೂ ಜಿಗಿದು ಪಾರಾಗುತ್ತದೆ. ಹಾಗಾಗಿ ಕಡಲ್ಗುದುರೆ ಬಾಲದಿಂದ ಕಡಲ ಹುಲ್ಲನ್ನು ಹಿಡಿದು, ನೀರನ್ನು ಅಲುಗಿಸದೆ, ಒಂದು ಮಿಲಿಮೀಟರ್ ಅಂತರದವರೆಗೂ ಸರಿಯುತ್ತದೆ. ಆಮೇಲೆ ತಲೆಯನ್ನು ಮೇಲಕ್ಕೆ ಚಿಮ್ಮಿಸಿ ಉದ್ದ ಮೂತಿಯಿಂದ ಹೀರುತ್ತದೆ. ಎಲ್ಲ ಕೆಲವೇ ಮಿಲಿಸೆಕೆಂಡು.

ಹಲ್ಲೂ ಇಲ್ಲ, ಹೊಟ್ಟೆ ಎಂಬ ಚೀಲವೂ ಇಲ್ಲ. ಉಂಡದ್ದು ಒಳಗೆ ನಿಲ್ಲದೆ ಬೇಗ ಸಾಗಿ ಹೋಗುವುದರಿಂದ ದಿನವಿಡೀ ಬೇಟೆ. ಈ ಮಾತು ಹೇಳಿದ ಮೇಲೆ ಹುಡುಗಿ ಇನ್ನೊಂದು ಚಿಟಿಕೆ ಚರಟ ತಂದಳು. ಬೋಗುಣಿಯ ತಳ ಪೂರ್ತಿ ಚೊಕ್ಕವಾಗುವವರೆಗೆ ಒಂದೊಂದೇ ಕಣ ಹೀರುತ್ತ ಕುಳಿತಳು.