ಹೆಸರು ಬೇಡ, ಜಾಗ ತೋರಿಸಿ

ತಿಂಗಳಿಗೊಂದು ಸಂಜೆ ನಾವು ಐದು ಜನ ಸೇರಿ ಗಿಟಾರ್ ಕೇಳುತ್ತೇವೆ. ನನ್ನನ್ನೂ ಸೇರಿಸಿ ಮೂವರು ರಾಕ್ ಸಂಗೀತದವರು. ಒಬ್ಬನಿಗೆ ಬ್ಲೂಸ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ನಮ್ಮೆಲ್ಲರಿಗಿಂತ ಹಿರಿಯರಾದ ಒಬ್ಬರು ನಲವತ್ತು ವರ್ಷಗಳಿಂದ ಜಾಝ್ ಕೇಳುತ್ತಾ ಬಂದವರು. ಮೊದಲ ಒಂದು ವರ್ಷ ಹೆಸರುಗಳ ಮೇಲೆಯೇ ವಾದ ಮಾಡಿದೆವು. ಗಿಟಾರ್ ವಾದಕರಲ್ಲಿ ಜಿಮಿ ಹೆಂಡ್ರಿಕ್ಸ್ ದೊಡ್ಡವರೋ ಎರಿಕ್ ಕ್ಲಾಪ್ಟನ್ ದೊಡ್ಡವರೋ, ಯಾರ ಬೆರಳಿಗೆ ವೇಗ ಹೆಚ್ಚು, ಯಾರು ಯಾರಿಂದ ಕದ್ದರು, ಹೀಗೆ ಮಾತು ಸುತ್ತಿದಲ್ಲೇ ಸುತ್ತುತ್ತಿತ್ತು. ಒಂದು ಸಂಜೆ ಹಿರಿಯರು ಕೈ ಎತ್ತಿ ತಡೆದು, "ಹೆಸರು ಬೇಡ, ಜಾಗ ತೋರಿಸು" ಎಂದು ನನ್ನ ಕಡೆ ತಿರುಗಿದರು. "ಯಾವ ಧ್ವನಿಮುದ್ರಣದ ಯಾವ ಜಾಗ ನಿನ್ನನ್ನು ಹಿಡಿದು ನಿಲ್ಲಿಸಿತು? ಅದನ್ನು ಹಾಕು, ಕೇಳೋಣ."

ಹದಿನೈದು ವರ್ಷಗಳಿಂದ ಹೆಂಡ್ರಿಕ್ಸ್ ನನ್ನ ಮೆಚ್ಚಿನ ವಾದಕ. ಆದರೆ ಆ ಕ್ಷಣದಲ್ಲಿ ಬೆರಳಿಟ್ಟು ತೋರಿಸಲು ನನಗೆ ಒಂದು ಜಾಗವೂ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆಯೂ ಆ ಪ್ರಶ್ನೆ ಬಿಡಲಿಲ್ಲ. ಅಂದಿನಿಂದ ನನ್ನ ಮೆಚ್ಚಿನವರ ಪಟ್ಟಿಯನ್ನು ಬುಡದಿಂದ ಕಟ್ಟತೊಡಗಿದೆ.

ಗುಂಪಿಗೆ ಒಂದು ನಿಯಮ ಬಂತು. ಸರದಿ ಬಂದವರು ಒಬ್ಬ ವಾದಕರ ಅರ್ಧ ನಿಮಿಷವನ್ನಷ್ಟೇ ತರಬೇಕು. ಹೆಸರು ಹೇಳದೆ ಮೂರು ಸಲ ಕೇಳಿಸಬೇಕು. ಆಮೇಲೆ ಕೇಳಿದ್ದನ್ನು ಒಬ್ಬೊಬ್ಬರಾಗಿ ಹೇಳಬೇಕು. ನನಗಾಗಿ ಮಾತ್ರ ಇನ್ನೊಂದು ನಿಯಮ ಮಾಡಿಕೊಂಡೆ: ಹಿಡಿಸಿದ ಜಾಗವನ್ನು ಮೊದಲು ಬಾಯಲ್ಲಿ ಹಾಡಬೇಕು. ಹಾಡಲು ಬರುವವರೆಗೆ ಗಿಟಾರ್ ಮುಟ್ಟಬಾರದು.

ಇದರ ಕ್ರಮ ಹೀಗಿದೆ. ಆ ಸಾಲನ್ನು ಮೊಬೈಲಿನಲ್ಲಿ ಕತ್ತರಿಸಿ, ಮತ್ತೆ ಮತ್ತೆ ಕೇಳುವಂತೆ ಇಟ್ಟುಕೊಳ್ಳುತ್ತೇನೆ. ಮೂರು ನಾಲ್ಕು ದಿನ ಪೂರ್ಣ ವೇಗದಲ್ಲೇ ಕೇಳಿ, ಜೊತೆಗೆ ಗುನುಗುತ್ತೇನೆ. ಶ್ರುತಿ ಬದಲಾಗದಂತೆ ವೇಗವನ್ನು ಅರ್ಧಕ್ಕಿಳಿಸುವ ಸೌಲಭ್ಯ ಈಗ ಎಲ್ಲರ ಕೈಯಲ್ಲೂ ಇದೆ. ಆದರೂ ಅದನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಮೊದಲೇ ನಿಧಾನಿಸಿದರೆ ಸ್ವರಗಳು ಸಿಗುತ್ತವೆ, ಲಯ ಕೈಬಿಟ್ಟು ಹೋಗುತ್ತದೆ. ಸ್ವರಗಳನ್ನು ಆಮೇಲೆ ತಿದ್ದಬಹುದು. ತಪ್ಪಾಗಿ ಕೂತ ಲಯವನ್ನು ಕಿತ್ತು ತೆಗೆಯುವುದಕ್ಕೆ ತಿಂಗಳುಗಳೇ ಬೇಕು.

ಹಾಡು ಬಾಯಿಗೆ ಬಂದ ಮೇಲೆ ತಂತಿ ಹುಡುಕುವ ಕೆಲಸ. ಗಿಟಾರಿನಲ್ಲಿ ಒಂದೇ ಸ್ವರ ಹಲವು ಕಡೆ ಸಿಗುತ್ತದೆ. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಬರುವ 'ಇ' ಸ್ವರವೇ ಎರಡನೆಯ ತಂತಿಯ 5ನೇ ಫ್ರೆಟ್, ಮೂರನೆಯದರ 9ನೇ ಫ್ರೆಟ್, ನಾಲ್ಕನೆಯದರ 14ನೇ ಫ್ರೆಟ್‌ನಲ್ಲೂ ಇದೆ. ಎತ್ತರ ಒಂದೇ, ದನಿ ಬೇರೆ. ದಪ್ಪ ತಂತಿಯಲ್ಲಿ ಮೇಲೆ ಹೋಗಿ ಹಿಡಿದರೆ ದನಿ ತುಂಬಿ ಬರುತ್ತದೆ, ತೆಳು ತಂತಿಯಲ್ಲಿ ಚೂಪಾಗುತ್ತದೆ. ವಾದಕರು ಯಾವ ತಂತಿ ಆರಿಸಿಕೊಂಡರು ಎಂಬುದನ್ನು ಕಿವಿಯಿಂದ ಪತ್ತೆ ಮಾಡಿದ ದಿನ ಅವರ ಕೈ ನಿಂತ ಜಾಗ ತಿಳಿಯುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಹೀಗೆ ನಾನು ಮೊದಲು ಕಲಿತದ್ದು ಬಿ. ಬಿ. ಕಿಂಗ್ ಅವರನ್ನು. ಬ್ಲೂಸ್ ಗೆಳೆಯ ತಂದದ್ದು 1964ರ ನವೆಂಬರ್‌ನಲ್ಲಿ ಶಿಕಾಗೋದ ರೀಗಲ್ ರಂಗಮಂದಿರದಲ್ಲಿ ಮುದ್ರಿಸಿದ ಕಛೇರಿಯ ಒಂದು ತುಣುಕು. ಮೂರು ಸ್ವರಗಳು, ಒಂದು ನಿಲುಗಡೆ, ಮತ್ತೆ ಎರಡು ಸ್ವರಗಳು. ಒಂದು ದಿನದ ಕೆಲಸ ಎಂದುಕೊಂಡೆ. ಆರು ವಾರ ಹಿಡಿಯಿತು.

ತಡವಾದದ್ದು ಗಾಂಧಾರದಲ್ಲಿ. ನಮ್ಮ ಕಿವಿಗೆ ಸಾಧಾರಣ ಗಾಂಧಾರ ಗೊತ್ತು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಅಂತರ ಗಾಂಧಾರ ಗೊತ್ತು. ಕಿಂಗ್ ತಂತಿಯನ್ನು ಎಳೆದು ಇವೆರಡರ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಯಾವ ಫ್ರೆಟ್‌ನಲ್ಲೂ ಸಿಗದ ಎಡೆ ಅದು. ಬ್ಲೂಸಿನ ಎದೆ ಇರುವುದು ಆ ಎಡೆಯಲ್ಲೇ ಎಂದು ನಾನು ನಂಬುತ್ತೇನೆ. ಸ್ವಲ್ಪ ಕಡಿಮೆ ಎಳೆದರೆ ಅಳು ಹೆಚ್ಚಾಗುತ್ತದೆ, ಸ್ವಲ್ಪ ಹೆಚ್ಚಾದರೆ ಸಮಾಧಾನ ಬಂದುಬಿಡುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿಂಗ್ ಅವರ ಕಂಪನದ ರೀತಿಯೂ ಬೇರೆ. ತೋರುಬೆರಳು ತಂತಿಯ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಅಂಗೈ ಗಿಟಾರಿನ ಕುತ್ತಿಗೆಯಿಂದ ಬಿಡುವಾಗಿರುತ್ತದೆ, ಉಳಿದ ಬೆರಳುಗಳು ಚಿಟ್ಟೆಯ ರೆಕ್ಕೆಯಂತೆ ಬಡಿಯುತ್ತವೆ. ತಂತಿಯ ಮೇಲೆ ಕೊಳವೆ ಜಾರಿಸಿ ಸ್ಲೈಡ್ ನುಡಿಸುತ್ತಿದ್ದ ತಮ್ಮ ಸಂಬಂಧಿ ಬುಕ್ಕಾ ವೈಟ್ ಅವರ ದನಿ ಹೊರಡಿಸಲು ಹೋಗಿ ಅವರು ಕಂಡುಕೊಂಡ ದಾರಿ ಇದು. ನಾನು ಬೆರಳನ್ನು ಅಲುಗಿಸುತ್ತಿದ್ದೆ, ಅದಕ್ಕೇ ಬರುತ್ತಿರಲಿಲ್ಲ. ಮಣಿಕಟ್ಟಿನಿಂದ ಅಲುಗಿಸಿದಾಗ ಬಂತು.

ಇನ್ನು ಆ ನಿಲುಗಡೆ. ಕಿಂಗ್ ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಹಾಡಿನ ಸಾಲು ಮುಗಿದ ಮೇಲೆ ಗಿಟಾರ್ ಉತ್ತರ ಕೊಡುತ್ತದೆ. ಬಾಯಲ್ಲಿ ಹಾಡುತ್ತಾ ಕಲಿತದ್ದರಿಂದ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ನನಗೆ ತಾನಾಗಿ ತಿಳಿಯಿತು. ಬರೀ ಬೆರಳಿನಿಂದ ಕಲಿತಿದ್ದರೆ ಆ ಖಾಲಿಯನ್ನು ನಾನು ಸ್ವರಗಳಿಂದ ತುಂಬಿಬಿಡುತ್ತಿದ್ದೆ.

ಹೆಸರಿಲ್ಲದೆ ಕೇಳುವ ನಿಯಮದ ಬೆಲೆ ನಮಗೆ ಗೊತ್ತಾದದ್ದು ಮುಂದಿನ ಸರದಿಯಲ್ಲಿ. ಒರಟು ದನಿಯ ಎಲೆಕ್ಟ್ರಿಕ್ ಗಿಟಾರ್, ಮೈಯೆಲ್ಲ ಬೆಂಕಿಯಂಥ ಸೋಲೋ, ಅಂದರೆ ಒಂಟಿ ವಾದನ. ಅರವತ್ತರ ದಶಕದ ಯಾವನೋ ಇಂಗ್ಲಿಷ್ ಹುಡುಗ ಎಂದು ನಾವು ಮೂವರೂ ಹೇಳಿದೆವು. ಅದು ಸಿಸ್ಟರ್ ರೊಸೆಟ್ಟಾ ಥಾರ್ಪ್. 1938ರಿಂದಲೇ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆಗಳನ್ನು ಮುದ್ರಿಸುತ್ತಾ ಬಂದವರು. ನಾವು ಕೇಳಿದ್ದು 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣದಲ್ಲಿ, ಮಳೆ ಬಿದ್ದ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವರು ನುಡಿಸಿದ್ದು. ಆಗ ಅವರಿಗೆ 49 ವರ್ಷ. ರಾಕ್‌ನ ಗಂಡುಗಳು ಮುಂದೆ ಮಾಡಿದ ಎಷ್ಟನ್ನೋ ಈ ಹೆಂಗಸು ಅದಕ್ಕೂ ಮೊದಲೇ ಮಾಡಿ ಮುಗಿಸಿದ್ದರು. ರಾಕ್ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ, ಅವರು ತೀರಿಕೊಂಡು 44 ವರ್ಷಗಳಾದ ಮೇಲೆ. ಆ ತಡ ನನಗೆ ಇವತ್ತಿಗೂ ನೋವು ಕೊಡುತ್ತದೆ.

ಜಾಝ್ ಹತ್ತಿರ ನನ್ನನ್ನು ಕರೆದೊಯ್ದವರು ವೆಸ್ ಮಾಂಟ್ಗಮರಿ. ತಂತಿ ಮೀಟುವ ಪಿಕ್ ಇಲ್ಲ, ಬರೀ ಬಲಗೈ ಹೆಬ್ಬೆರಳು. ರಾತ್ರಿ ಅಭ್ಯಾಸ ಮಾಡುವಾಗ ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಮೆಲ್ಲಗೆ ಮೀಟತೊಡಗಿ, ಆ ಮೆದು ದನಿಯೇ ಅವರದಾಯಿತು. ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಸೋಲೋಗಳನ್ನು ಧ್ವನಿಮುದ್ರಿಕೆಯಿಂದ ಕಿವಿಯಲ್ಲೇ ಕಲಿತು, ಅವನ್ನೇ ನುಡಿಸುತ್ತಾ ವೇದಿಕೆ ಏರಿದವರು ಅವರು. ಇದನ್ನು ಓದಿದ ಮೇಲೆ ನನ್ನ ದಾರಿಯ ಮೇಲೆ ನನಗೆ ಧೈರ್ಯ ಬಂತು. ಮಾಂಟ್ಗಮರಿ ಅವರ ಸೋಲೋ ಸಾಮಾನ್ಯವಾಗಿ ಮೂರು ಮೆಟ್ಟಿಲು ಏರುತ್ತದೆ. ಮೊದಲು ಒಂಟಿ ಸ್ವರಗಳು, ಆಮೇಲೆ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಮೀಟುವ ಆಕ್ಟೇವ್‌ಗಳು, ಕೊನೆಗೆ ಹಲವು ಸ್ವರಗಳು ಒಟ್ಟಿಗೆ ನುಡಿಯುವ ತುಂಬು ಕಾರ್ಡ್‌ಗಳು. ಎರಡನೆಯ ಮೆಟ್ಟಿಲಲ್ಲಿ ನನ್ನ ಕೈ ತಿಂಗಳುಗಟ್ಟಲೆ ನಿಂತಿತು. ಬೇಕಾದ ಎರಡು ತಂತಿಗಳ ನಡುವೆ ಸಿಕ್ಕುವ ತಂತಿಯನ್ನು ತೋರುಬೆರಳ ತುದಿಯ ಬದಿಯಿಂದ ಮುಟ್ಟಿ ಮೂಕವಾಗಿಸಬೇಕು. ಹೆಬ್ಬೆರಳು ಮೂರೂ ತಂತಿಗಳ ಮೇಲೆ ಹಾದುಹೋಗಬೇಕು, ಆದರೆ ಎರಡೇ ನುಡಿಯಬೇಕು. ಪಿಕ್ ಹಿಡಿದು ಮಾಡಿ ನೋಡಿದೆ, ದನಿ ಒಡೆಯಿತು. ಹೆಬ್ಬೆರಳಿನ ಮಾಂಸವೇ ಬೇಕು.

ಮೂರು ಸಂಗೀತಗಳ ನಡುವಿನ ಬೇಲಿ ನನ್ನೊಳಗೆ ಬಿದ್ದದ್ದು ಜ್ಯಾಂಗೋ ರೈನ್‌ಹಾರ್ಟ್ ಅವರನ್ನು ಕಲಿಯಲು ಕೂತಾಗ. 1928ರಲ್ಲಿ ಅವರು ವಾಸವಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಮುದುಡಿದವು. ಉಳಿದ ಎರಡು ಬೆರಳುಗಳಲ್ಲೇ ಸೋಲೋ ನುಡಿಸಿದರು. ಒಂದು ಸಾಲನ್ನು ನಾನು ನಾಲ್ಕು ಬೆರಳುಗಳಲ್ಲಿ ಎಷ್ಟು ಸಲ ನುಡಿಸಿದರೂ ಅದಕ್ಕೆ ಆ ಓಟ ಬರಲಿಲ್ಲ. ಎರಡೇ ಬೆರಳು ಬಳಸಿದಾಗ ಕೈ ತಂತಿಯ ಉದ್ದಕ್ಕೂ ಜಾರಲೇಬೇಕಾಯಿತು, ಸಾಲು ಎದ್ದು ಕುಣಿಯಿತು. ಅವರ ಸಂಗೀತದ ಆಕಾರವನ್ನು ಆ ಗಾಯವೂ ರೂಪಿಸಿದೆ. ಬ್ಲ್ಯಾಕ್ ಸಬತ್ ತಂಡದ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡರು. ಆಗ ಕಾರ್ಖಾನೆಯ ಮೇಲಿನವರೊಬ್ಬರು ಕೇಳಿಸಿದ್ದು ಈ ಜ್ಯಾಂಗೋ ಧ್ವನಿಮುದ್ರಿಕೆಯನ್ನೇ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್‌ನ ಆ ಭಾರದ ದನಿ ಹೀಗೆ ಬಂತು. ರಾಕ್ ಬೇರೆ, ಜಾಝ್ ಬೇರೆ ಎಂದು ಇಷ್ಟು ತಿಳಿದ ಮೇಲೂ ಹೇಗೆ ಹೇಳಲಿ?

ಗಮಕದ ಮಾತು ಬಂದಾಗ ಜಾನ್ ಮೆಕ್‌ಲಾಫ್ಲಿನ್ ಅವರನ್ನು ಬಿಡುವಂತಿಲ್ಲ. ಎಪ್ಪತ್ತರ ದಶಕದಲ್ಲಿ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಂದಿಗೆ 'ಶಕ್ತಿ' ತಂಡ ಕಟ್ಟಿದಾಗ, ಫ್ರೆಟ್‌ಗಳ ನಡುವಿನ ಮರವನ್ನು ತೋಡಿದ ಗಿಟಾರ್ ಹಿಡಿದರು. ಬೆರಳು ಮರಕ್ಕೆ ತಾಗದೆ ತಂತಿ ಸಲೀಸಾಗಿ ಎಳೆಯಲು ಬರಲಿ ಎಂದು. ಅವರ ವೇಗವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಜಾಗ ಅವರು ನಿಧಾನಿಸಿ ಒಂದೇ ಸ್ವರದ ಮೇಲೆ ಕೂರುವಲ್ಲಿದೆ.

ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ ಅವರ ಬಗ್ಗೆ ಗುಂಪಿನಲ್ಲಿ ಭಿನ್ನಾಭಿಪ್ರಾಯವೇ ಇಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಒಂದು ಮಾತು ಮಾತ್ರ. 1979ರ 'ಕಂಫರ್ಟಬ್ಲಿ ನಂಬ್' ಹಾಡಿನ ಕೊನೆಯ ಸೋಲೋ ಒಂದೇ ಉಸಿರಿನಲ್ಲಿ ಹರಿದದ್ದಲ್ಲ. ಹಲವು ಸಲ ನುಡಿಸಿ ಮುದ್ರಿಸಿ, ಚೆನ್ನಾಗಿ ಬಂದ ತುಣುಕುಗಳನ್ನು ಆರಿಸಿ ಜೋಡಿಸಿದ್ದು. ಅದು ಹಾಡಿದಂತೆ ಕೇಳುವುದು ಆ ಆಯ್ಕೆಯಿಂದ. ನಾನೂ ಮನೆಯಲ್ಲಿ ಮುದ್ರಿಸಿಕೊಳ್ಳುವಾಗ ಈಗ ಐದು ಸಲ ನುಡಿಸಿ ಆರಿಸುತ್ತೇನೆ.

ಫ್ರೆಡ್ಡಿ ಗ್ರೀನ್ ಅವರ ಸಂಜೆಯನ್ನು ಮಾತ್ರ ವಿವರವಾಗಿ ಹೇಳಬೇಕು. ಹಿರಿಯರು ಕೌಂಟ್ ಬೇಸಿ ಅವರ ಜಾಝ್ ತಂಡದ ಅರ್ಧ ನಿಮಿಷ ಹಾಕಿದರು. ತುತ್ತೂರಿಗಳು ಕೇಳಿದವು, ಪಿಯಾನೋ ಕೇಳಿತು, ಡ್ರಮ್ಸ್ ಕೇಳಿತು. "ಗಿಟಾರ್ ಎಲ್ಲಿ?" ಎಂದೆವು. ಅವರು ಉತ್ತರಿಸದೆ ಮತ್ತೆ ಹಾಕಿದರು. ಮೂರನೆಯ ಸಲವೂ ಸಿಗಲಿಲ್ಲ. ನಾಲ್ಕನೆಯ ಸಲ ಬ್ಲೂಸ್ ಗೆಳೆಯ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದ, ನಾಲ್ಕಕ್ಕೆ ನಾಲ್ಕೂ ಬಡಿತ. "ಇಲ್ಲಿದೆ" ಎಂದ. ಆಂಪ್ಲಿಫೈಯರ್ ಇಲ್ಲದ ಮರದ ಗಿಟಾರ್, ಪ್ರತಿ ಬಡಿತಕ್ಕೂ ಒಂದು ಗಿಡ್ಡ ಕಾರ್ಡ್. ಒಮ್ಮೆ ಕಿವಿಗೆ ಸಿಕ್ಕ ಮೇಲೆ ಅದು ಇಲ್ಲದ ಜಾಗವೇ ಆ ಹಾಡಿನಲ್ಲಿ ಇರಲಿಲ್ಲ. 1937ರಲ್ಲಿ ಬೇಸಿ ತಂಡ ಸೇರಿದ ಗ್ರೀನ್ 1987ರಲ್ಲಿ ತೀರಿಕೊಳ್ಳುವ ತನಕ ಈ ಕೆಲಸ ಮಾಡಿದರು. ಸೋಲೋ ನುಡಿಸಿದ್ದು ಅಪರೂಪಕ್ಕೆ. ಆ ರಾತ್ರಿ ಮನೆಗೆ ಬಂದು ಹತ್ತು ನಿಮಿಷ ಬರೀ ನಾಲ್ಕು ಬಡಿತ ಹಾಕಲು ಪ್ರಯತ್ನಿಸಿದೆ. ಒತ್ತಿದ ಬೆರಳನ್ನು ಮೀಟಿದೊಡನೆ ಸಡಿಲಿಸಿ, ಮುಂದಿನ ಬಡಿತಕ್ಕೆ ಮತ್ತೆ ಒತ್ತಬೇಕು. ನಾಲ್ಕನೆಯ ನಿಮಿಷಕ್ಕೆ ಮುಂಗೈ ಸೋತಿತು.

ಹೆಂಡ್ರಿಕ್ಸ್ ಅವರಿಗೆ ನಾನು ಮರಳಿ ಬಂದದ್ದು ಗ್ರೀನ್ ಮೂಲಕ. ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಗಿಟಾರನ್ನು ಚೀರಿಸಿದ ಹೆಂಡ್ರಿಕ್ಸ್ ನನಗೆ ಮೊದಲೇ ಗೊತ್ತಿದ್ದರು. ಲಿಟಲ್ ರಿಚರ್ಡ್, ಐಸ್ಲಿ ಬ್ರದರ್ಸ್ ಅವರಂಥ ಗಾಯಕರ ಹಿಂದೆ ನಿಂತು ಪಕ್ಕವಾದ್ಯ ನುಡಿಸಿದ ಹೆಂಡ್ರಿಕ್ಸ್ ಗೊತ್ತಿರಲಿಲ್ಲ. 1967ರ 'ಲಿಟಲ್ ವಿಂಗ್' ಎರಡೂವರೆ ನಿಮಿಷವೂ ಇಲ್ಲ. ಅದರ ಶುರುವಿನಲ್ಲಿ ಅವರ ಹೆಬ್ಬೆರಳು ಕುತ್ತಿಗೆಯ ಮೇಲಿನಿಂದ ಬಾಗಿ ಮಂದ್ರದ ತಂತಿ ಒತ್ತುತ್ತದೆ, ಬಿಡುವಾದ ಬೆರಳುಗಳು ಕಾರ್ಡಿನ ಸುತ್ತ ಸಣ್ಣ ಸಣ್ಣ ಸಂಗತಿಗಳನ್ನು ಹಾಕುತ್ತವೆ. ಲಯವೂ ರಾಗವೂ ಒಂದೇ ಕೈಯಿಂದ. ಇದನ್ನು ಹಾಡಿ, ತಂತಿ ಹುಡುಕಿ, ನುಡಿಸಿ, ನನ್ನ ಸರದಿಯಲ್ಲಿ ಹಾಕಿದೆ. ಹಿರಿಯರು ಮೂರೂ ಸಲ ಕೇಳಿ, "ಈಗ ತೋರಿಸಿದೆ" ಎಂದರು.

ಮುಂದಿನ ಸಂಜೆಗೆ ನಾನು ಆರಿಸಿರುವುದು ಜಿಮ್ ಹಾಲ್. 1962ರಲ್ಲಿ ಅವರು ಪಿಯಾನೋ ವಾದಕ ಬಿಲ್ ಇವಾನ್ಸ್ ಜೊತೆ ಮುದ್ರಿಸಿದ 'ಅಂಡರ್‌ಕರೆಂಟ್'ನಲ್ಲಿ ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಇಬ್ಬರೇ. ಪಿಯಾನೋ ಓಡುವಾಗ ಹಾಲ್ ಹಿಂದೆ ಸರಿದು, ಗ್ರೀನ್ ಹಾಗೆಯೇ ನಾಲ್ಕು ಬಡಿತ ಹಾಕುವ ಒಂದು ಜಾಗವಿದೆ. ಅಲ್ಲಿಂದ ಅವರು ಮತ್ತೆ ಒಂಟಿ ಸ್ವರಗಳಿಗೆ ಬರುವ ಹನ್ನೊಂದು ಸೆಕೆಂಡುಗಳು ನನಗೆ ಬೇಕು. ಸ್ವರಗಳು ಸಿಕ್ಕಿವೆ, ತಂತಿಯೂ ಸಿಕ್ಕಿದೆ. ಮೂರನೆಯ ಸ್ವರದ ಆಚೆ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೋ ಅಷ್ಟು ಹೊತ್ತು ಸುಮ್ಮನಿರಲು ನನ್ನ ಗಂಟಲು ಇನ್ನೂ ಒಪ್ಪುತ್ತಿಲ್ಲ. ಇನ್ನು ಎರಡು ವಾರ ಇವೆ.