ಮಸಾರಿ ಹೊಲದ ಹತ್ತಿಗೆ ಯೂರಿಯಾ ಹತ್ತಲೇ ಇಲ್ಲ

ಹಾನಗಲ್ ಸೀಮೆಯಲ್ಲಿ ನಮ್ಮದು ಎರಡು ಹೊಲ. ಒಂದು ಎರೆ, ಅಂದರೆ ಕಪ್ಪು ಮಣ್ಣು; ಇನ್ನೊಂದು ಮಸಾರಿ, ಕೆಂಪು ಮಣ್ಣು. ಬೀಜ ಒಂದೇ, ಗೊಬ್ಬರವೂ ಒಂದೇ. ಆದರೂ ಮಸಾರಿಯ ಹತ್ತಿ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ಕೆಳಗಿನ ಎಲೆ ಹಳದಿಯಾದರೆ ಸಾರಜನಕ ಸಾಲದು ಅಂತ ಲೆಕ್ಕ, ಯೂರಿಯಾ ಕೊಟ್ಟೆ. ಎಡೆ ಹೊಡೆದು ಮತ್ತೆ ಕೊಟ್ಟೆ. ಹಳದಿ ಹೋಗಲಿಲ್ಲ. ಜತೆಗೆ ತುದಿಯ ಎಳೆ ಎಲೆಗಳು ಸುಕ್ಕುಗಟ್ಟಿ, ತೊಟ್ಟು ಬಾಗಿ ಜೋತುಬಿದ್ದವು.

ಒಂದು ಗಿಡ ಕಿತ್ತೆ. ಬಲ ಹಾಕುವುದೇ ಬೇಕಾಗಲಿಲ್ಲ. ತಾಯಿಬೇರು ಗೇಣುದ್ದವೂ ಇಳಿಯದೆ ಅಡ್ಡ ತಿರುಗಿತ್ತು. ಮರಿಬೇರುಗಳ ತುದಿ ಕಂದಿ, ಮೊಂಡಾಗಿ, ಬೆಂಕಿ ತಾಗಿದ ದಾರದ ಹಾಗಿತ್ತು. ಎರೆಯಲ್ಲಿ ಕೀಳಲು ಹೋದರೆ ಬೇರು ನಡುವೆಯೇ ಹರಿಯಿತು, ಉಳಿದದ್ದು ನೆಲದೊಳಗೇ ಉಳಿಯಿತು.

ಮಣ್ಣು ಪರೀಕ್ಷೆ ಮಾಡಿಸಿದರೆ ಮಸಾರಿಯ ರಸಸಾರ (pH) 5.2, ಏಳಕ್ಕಿಂತ ಕೆಳಗಿದ್ದರೆ ಹುಳಿ ಮಣ್ಣು; ಕ್ಯಾಲ್ಸಿಯಂ ಕೂಡ ತೀರಾ ಕಡಿಮೆ. ಇಂಥ ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಬೇರು ಬೆಳೆಯಬೇಕಾದರೆ ಆ ತುದಿ ಇರುವ ಜಾಗದಲ್ಲೇ ಕ್ಯಾಲ್ಸಿಯಂ ಸಿಗಬೇಕು, ಎಲೆಯಲ್ಲಿರುವುದು ಕೆಳಗಿಳಿದು ಬರುವುದಿಲ್ಲ. ಬೇರೇ ಇಲ್ಲದ ಮೇಲೆ ಸಾರಜನಕ ಉಣ್ಣುವವರು ಯಾರು? ಸಾಲದ್ದಕ್ಕೆ, ಯೂರಿಯಾ ಹಾಕಿದಷ್ಟೂ ಮಣ್ಣಿನ ಹುಳಿ ಏರುತ್ತದೆ. ಅಂದರೆ ಇಷ್ಟು ವರ್ಷ ಆ ಹೊಲವನ್ನು ನಾನೇ ಕೆಡಿಸುತ್ತ ಬಂದಿದ್ದೆ. ಅದು ತಿಳಿದ ದಿನ ಊಟ ಸೇರಲಿಲ್ಲ.

ಮರುವರ್ಷ ಪರೀಕ್ಷೆಯ ಚೀಟಿಯಲ್ಲಿದ್ದ ಲೆಕ್ಕದಂತೆ, ಹುಳಿ ಕಳೆಯಲು ಬಿತ್ತನೆಗೆ ತಿಂಗಳು ಮೊದಲೇ ಸುಣ್ಣ ಚೆಲ್ಲಿ ಹರಗಿಸಿದೆ. ಒಂದು ಮೂಲೆಯಲ್ಲಿ ಮಾತ್ರ ಅವಸರ ಮಾಡಿ ಅಮೋನಿಯಂ ಸಲ್ಫೇಟನ್ನೂ ಜತೆಗೇ ಚೆಲ್ಲಿದ್ದೆ. ಮೂಗಿಗೆ ಅಡರುವ ಘಾಟು ಎದ್ದಿತು. ಆ ಘಾಟು ಅಮೋನಿಯಾ; ಗೊಬ್ಬರದ ಸಾರಜನಕವೇ ಹಾಗೆ ಗಾಳಿಗೆ ಹೋಯಿತು. ಎರಡನ್ನೂ ಒಟ್ಟಿಗೆ ಹಾಕಲೇಬಾರದು.

ಸುಣ್ಣ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಕೂಡ ಕೊಟ್ಟೆ. ಅದು ಹುಳಿ ಕಳೆಯುವುದಿಲ್ಲ, ಆದರೆ ಮಳೆನೀರಲ್ಲಿ ಕರಗಿ ಕ್ಯಾಲ್ಸಿಯಂ ಅನ್ನು ಆಳಕ್ಕೆ ಒಯ್ಯುತ್ತದೆ. ಮೊಗ್ಗು ಕಾಣಿಸಿದಾಗ ಯೂರಿಯಾದ ಒಂದು ಕಂತು ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್ ಹಾಕಿದೆ. ಅದರಲ್ಲಿ ಸಾರಜನಕ ಶೇ. 15.5, ಕ್ಯಾಲ್ಸಿಯಂ ಶೇ. 19ರ ಹತ್ತಿರ. ಅದನ್ನು ಡಿಎಪಿ ಗೊಬ್ಬರ ಕರಗಿಸಿದ ನೀರಿಗೆ ಬೆರೆಸಬೇಡಿ, ಒಡೆದ ಹಾಲಿನಂತೆ ಗಸಿ ಕೂರುತ್ತದೆ.

ಹೂವಿನ ಕಾಲಕ್ಕೆ ಗಿಡ ಸೊಂಟ ಮುಟ್ಟಿತು. ಮತ್ತೊಂದು ಗಿಡ ಅಗೆದು ನೋಡಿದೆ: ಬೇರು ನೇರ ಇಳಿದಿತ್ತು, ಮರಿಬೇರುಗಳ ತುದಿ ಬೆಳ್ಳಗಿತ್ತು.

ಎರೆ ಹೊಲಕ್ಕೆ ಇದ್ಯಾವುದನ್ನೂ ಹಾಕಿಲ್ಲ. ಅಲ್ಲಿ ಸುಣ್ಣದ ಹರಳು ಕಣ್ಣಿಗೇ ಕಾಣುತ್ತವೆ. ಸಾರಜನಕ ಗಾಳಿಗೆ ಹೋಗದಂತೆ ಯೂರಿಯಾವನ್ನು ಮೇಲೆ ಚೆಲ್ಲದೆ ಮಣ್ಣಲ್ಲಿ ಮುಚ್ಚುತ್ತೇನೆ, ಅಷ್ಟೇ.