ವಿಡಿಯೋ ಮೇಲಿನ ಬರಹ ಓದಲು ಬರುತ್ತಿದೆಯೇ? ಹೀಗೆ ಪರೀಕ್ಷಿಸಿ

ನಮ್ಮ ಬೀದಿಯ ರಾಜ್ಯೋತ್ಸವದ ವಿಡಿಯೋ ಎಡಿಟ್ ಮಾಡಿದ್ದು ನಾನೇ. ಬಾವುಟದ ಬಣ್ಣವೇ ಇರಲಿ ಅಂತ ಕೆಂಪು ಪಟ್ಟಿಯ ಮೇಲೆ ಹಳದಿ ಅಕ್ಷರ ಹಾಕಿದ್ದೆ. ಕಣ್ಣಿಗೆ ಪೊರೆ ಬಂದಿರುವ ಎದುರುಮನೆ ಅಜ್ಜ ಫೋನನ್ನು ಮೂಗಿನ ಹತ್ತಿರ ಹಿಡಿದು, "ಕಳೆಕಳೆಯಾಗಿದೆ ಕಣಪ್ಪ. ಏನ್ ಬರ್ದಿದೀಯ?" ಅಂದರು.

ಆಮೇಲೆ ಲೆಕ್ಕ ನೋಡಿದೆ. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿಗೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿರುವ ಅಂತರ, ಬರೀ 3.7:1. ಕಪ್ಪಿನ ಮೇಲೆ ಬಿಳಿ ಇದ್ದರೆ 21:1, ಅದಕ್ಕಿಂತ ಜಾಸ್ತಿ ಇಲ್ಲ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಡಬ್ಲ್ಯೂಸಿಎಜಿ ಮಾರ್ಗಸೂಚಿ ಇರುವುದು ಅಂಗವೈಕಲ್ಯ ಇರುವವರಿಗೂ ವೆಬ್ ಬಳಸಲು ಬರಲಿ ಅಂತ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಕೇಳುವುದು ಕನಿಷ್ಠ 4.5:1. ದೊಡ್ಡ ಅಕ್ಷರಕ್ಕೆ 3:1 ಸಾಕು ಎಂಬ ರಿಯಾಯಿತಿಯೂ ಇದೆ. ನಾನಂತೂ ಅದನ್ನು ನೆಚ್ಚುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡದಾಗಿ ಕಂಡದ್ದು ಬಸ್ಸಿನಲ್ಲಿ ಕೂತವರ ಫೋನಿನಲ್ಲಿ ಸಾಸಿವೆ ಕಾಳಾಗಿರುತ್ತದೆ, ಅಲ್ವಾ?

ಮೊದಲು, ಬರಹ ಕಾಣುವಷ್ಟೂ ಹೊತ್ತು ವಿಡಿಯೋವನ್ನು ನಿಧಾನಕ್ಕೆ ಓಡಿಸಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ವಿಡಿಯೋ ಅಂದುಕೊಳ್ಳಿ. ಹಸಿರೆಲೆ ಮೇಲೆ ಎದ್ದು ಕಾಣುತ್ತಿದ್ದ ಬಿಳಿ ಅಕ್ಷರ, ಕ್ಯಾಮೆರಾ ಬಿಳಿ ಸೇವಂತಿಗೆ ಕಡೆ ತಿರುಗಿದ ಕೂಡಲೇ ಮಾಯ. ಅಲ್ಲೇ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಪರೀಕ್ಷೆ ನಡೆಯಬೇಕಾದ್ದು ಆ ಕೆಟ್ಟ ಗಳಿಗೆಯಲ್ಲಿ.

ಒತ್ತಿದ ಜಾಗದ ಬಣ್ಣದ ಕೋಡ್ ಹೇಳುವ ಕಲರ್ ಪಿಕ್ಕರ್ ಎಂಬ ಸಾಧನದಿಂದ ಅಕ್ಷರದ ಬಣ್ಣ, ಅದರ ಪಕ್ಕದ ಹಿನ್ನೆಲೆಯ ಬಣ್ಣ ಎರಡರ ಕೋಡನ್ನೂ ತೆಗೆದುಕೊಳ್ಳಿ. ಅಕ್ಷರದ ಅಂಚಿನಲ್ಲಿ ಒತ್ತಬೇಡಿ, ಅಲ್ಲಿ ಬಣ್ಣ ಕಲೆಸಿರುತ್ತದೆ. ಎರಡು ಕೋಡನ್ನೂ ವೆಬ್‌ಏಮ್ ಜಾಲತಾಣದ ಕಾಂಟ್ರಾಸ್ಟ್ ಚೆಕರ್‌ಗೆ ಹಾಕಿದರೆ ಸಂಖ್ಯೆ ಬರುತ್ತದೆ. ದುಡ್ಡೇನೂ ಕೊಡಬೇಕಿಲ್ಲ.

4.5 ಮುಟ್ಟಲಿಲ್ಲವೇ? ಬಿಳಿ ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ. ಆದರೆ ಚೆಂದಕ್ಕೆ ಅಂತ ಪಟ್ಟಿಯನ್ನು ತೀರಾ ತೆಳುವಾಗಿಸಬೇಡಿ. ಹಿನ್ನೆಲೆ ಅಚ್ಚ ಬಿಳಿಯಾಗಿದ್ದಾಗ ಪಟ್ಟಿಯ ಒಪಾಸಿಟಿ (ಹಿಂದಿನದನ್ನು ಮರೆಮಾಡುವ ಪ್ರಮಾಣ) ಶೇ 50 ಇದ್ದರೆ ಸಿಗುವುದು ಸುಮಾರು 3.9:1, ಅಂದರೆ ಫೇಲು. ಶೇ 60ಕ್ಕೆ 5.7 ಆಗುತ್ತದೆ, ಶೇ 75ಕ್ಕೆ 10 ದಾಟುತ್ತದೆ. ನನ್ನ ಕೆಂಪು ಪಟ್ಟಿಗೆ ಇಷ್ಟೂ ಬೇಕಾಗಲಿಲ್ಲ. ಬಣ್ಣದ ಕೋಡಿನಲ್ಲಿ ಕೆಂಪಿನ ಅಂಕಿಯನ್ನು 255ರಿಂದ 176ಕ್ಕೆ ಇಳಿಸಿದೆ, 6.9 ಬಂತು. ಹಳದಿ ಹಳದಿಯಾಗಿಯೇ ಉಳಿಯಿತು. ಅಜ್ಜ ಓದಿದರು. ಓದಿ, ಒಂದು ಕಾಗುಣಿತದ ತಪ್ಪನ್ನೂ ಹಿಡಿದರು.

ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ಇಂಗ್ಲಿಷಿಗೆ ಅಳೆದು ಮಾಡಿದ ಪಟ್ಟಿಯಲ್ಲಿ 'ಶಾಸ್ತ್ರ' ಅಂತ ಬರೆದರೆ ಒತ್ತುಗಳು ಪಟ್ಟಿಯಿಂದ ಕೆಳಗೆ ಜಾರುತ್ತವೆ. ಅಲ್ಲಿ ಬಿಳಿ ಮೇಲೆ ಬಿಳಿ. ಪಟ್ಟಿಯನ್ನು ಕೆಳಗೆ ಇನ್ನಷ್ಟು ಎಳೆಯಿರಿ. ಎಳೆಯಂಥ ತೆಳು ಫಾಂಟ್ ಕೂಡ ಬೇಡ, ಚೆಕರ್ ನೋಡುವುದು ಬಣ್ಣವನ್ನು ಮಾತ್ರ.

ಲೋಗೋಗೆ, ದೃಶ್ಯದಲ್ಲಿ ಸುಮ್ನೆ ಹಾದುಹೋಗುವ ಅಂಗಡಿ ಬೋರ್ಡಿಗೆ ಈ ನಿಯಮ ಇಲ್ಲ.

ಮಾತಿನ ಸಬ್‌ಟೈಟಲ್ ಆದರೆ ವಿಡಿಯೋಗೇ ಅಂಟಿಸದೆ ಬೇರೆ ಎಸ್‌ಆರ್‌ಟಿ ಫೈಲಾಗಿ (ಮಾತು ಮತ್ತು ಅದು ಕಾಣಬೇಕಾದ ಸಮಯ ಇರುವ ಪಠ್ಯದ ಫೈಲು) ಯೂಟ್ಯೂಬ್‌ಗೆ ಹಾಕಿ. ಆಗ ಅಕ್ಷರದ ಗಾತ್ರ, ಬಣ್ಣ, ಹಿನ್ನೆಲೆಯನ್ನು ನೋಡುವವರೇ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.